ಕೋಸಂಬರಿ ಮತ್ತು ನಮ್ಮ ಆರೋಗ್ಯ

‘ಸಲಾಡ್’ ಎಂಬ ಮಾತು ಈಚೆಗೆ ನಮ್ಮ ಮಕ್ಕಳ ಬಾಯಲ್ಲೂ ಓಡಾಡುತ್ತಿದೆ. ಎಂಟನೆಯ ತರಗತಿಯಲ್ಲಿ ಒಮ್ಮೆ, ‘ನಿಮ್ಮ ಮನೆಗಳಲ್ಲಿ ಹಸಿ ತರಕಾರಿ ತಿನ್ನುವುದುಂಟೆ?’ ಎಂದು ಕೇಳಿದೆ. ಒಬ್ಬ ಹುಡುಗ ಎದ್ದು ನಿಂತು, ‘ಇಲ್ಲ ಟೀಚರ್, ಸಲಾಡ್ ಮಾಡಲು ನಮ್ಮಲ್ಲಿ ಫ್ರಿಜ್ ಇಲ್ಲ’ ಎಂದ. ಮಧ್ಯಾಹ್ನ ಅದೇ ಹುಡುಗ ಬುತ್ತಿ ಬಿಚ್ಚಿದಾಗ ನೋಡುತ್ತೇನೆ, ಅದರ ಮೂಲೆಯಲ್ಲಿ ಮುಳ್ಳುಸೌತೆಯ ಪಚ್ಚಡಿ ಇದೆ! ತಾನು ದಿನವೂ ತಿನ್ನುವ ವಸ್ತುವನ್ನೇ ದೊಡ್ಡವರ ಮನೆಯ ವಸ್ತುವೆಂದು ಅವನು ತಿಳಿದುಕೊಂಡಿದ್ದ. ಈ ಲೇಖನವನ್ನು ಬರೆಯಬೇಕೆನ್ನಿಸಿದ್ದು ಆಗಲೇ.

ಸಲಾಡ್ ಎಂಬ ಪದದ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ‘ಸಾಲ್’ ಎಂದರೆ ಉಪ್ಪು. ಉಪ್ಪು ಬೆರೆಸಿದ ಹಸಿ ಸೊಪ್ಪು ತರಕಾರಿಗೆ ಆ ಹೆಸರು ಬಂತು. ನಮ್ಮ ಪಚ್ಚಡಿಯಲ್ಲಿರುವ ‘ಪಚ್ಚ’ ಎಂಬುದಕ್ಕೆ ಹಸಿರು, ಹಸಿ ಎಂಬ ಅರ್ಥಗಳಿವೆ. ಮಲಯಾಳದಲ್ಲೂ ತಮಿಳಿನಲ್ಲೂ ಅದೇ ಅರ್ಥ. ಕೋಸಂಬರಿಯನ್ನು ಕೆಲವರು ಕೋಸುಂಬರಿ ಎನ್ನುತ್ತಾರೆ, ಮರಾಠಿಯವರು ಕೋಶಿಂಬೀರ್ ಎನ್ನುತ್ತಾರೆ. ಹೆಸರು ಯಾವುದಾದರೇನು, ಒಲೆಯ ಮೇಲೆ ಬೇಯದೆ ನೇರವಾಗಿ ಎಲೆಗೆ ಬರುವ ಅಡಿಗೆ ಎಂಬುದೇ ಇವುಗಳ ಸಮಾನ ಲಕ್ಷಣ. ರಾಮನವಮಿಯ ದಿನ ಪಾನಕ, ನೀರುಮಜ್ಜಿಗೆಗಳ ಜೊತೆಯಲ್ಲಿ ಹೆಸರುಬೇಳೆಯ ಕೋಸಂಬರಿ ಇಲ್ಲದಿದ್ದರೆ ಹಬ್ಬವೇ ಆಗುವುದಿಲ್ಲ. ಬೇಸಗೆಯ ಬಿಸಿಲಿಗೆ ತಕ್ಕ ಆಹಾರವನ್ನು ಹಿರಿಯರು ಹಬ್ಬದ ಹೆಸರಿನಲ್ಲಿ ಉಣಿಸಿದರು.

ಕನ್ನಡಿಗರು ಅಡಿಗೆಯ ಬಗ್ಗೆ ಬರೆದಿಟ್ಟದ್ದು ಇಂದು ನಿನ್ನೆಯಲ್ಲ. ಹನ್ನೊಂದನೆಯ ಶತಮಾನದಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಅಡಿಗೆಗೆಂದೇ ಒಂದು ಭಾಗವಿದೆ. ಹದಿನಾರನೆಯ ಶತಮಾನದ ಜೈನಕವಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನೇ ಷಟ್ಪದಿಯಲ್ಲಿ ಬರೆದನು. ಇದನ್ನು ಹೇಳುವುದಕ್ಕೆ ಕಾರಣವಿದೆ. ವಯನಾಡಿನಲ್ಲಿ ತಲೆಮಾರುಗಳಿಂದ ನೆಲೆಸಿರುವ ಜೈನ ಮನೆತನಗಳ ಹಿರಿಯರು ಕರ್ನಾಟಕದಿಂದ ಬಂದವರು. ಸುಲ್ತಾನ್ ಬತ್ತೇರಿಯ ಕಲ್ಲಿನ ಬಸದಿಯನ್ನು ಶಾಲೆಯ ಪ್ರವಾಸದಲ್ಲಿ ನಿಮ್ಮಲ್ಲಿ ಅನೇಕರು ನೋಡಿರಬಹುದು. ಶಾಸ್ತ್ರೋಕ್ತವಾಗಿ ನಡೆಯುವ ಜೈನರು ನೆಲದೊಳಗೆ ಬೆಳೆಯುವ ಗೆಡ್ಡೆಗಳನ್ನು ತಿನ್ನುವುದಿಲ್ಲ. ಆದ್ದರಿಂದ ಅವರ ಕೋಸಂಬರಿಗೆ ಕ್ಯಾರೆಟ್ಟೂ ಬೇಡ, ಹಸಿ ಶುಂಠಿಯೂ ಬೇಡ. ಬೇಳೆ, ಸೌತೆ, ತೆಂಗು, ಮೆಣಸು, ಹುಳಿ ಇವೇ ಸಾಕು. ಇನ್ನೊಂದು ಸಂಗತಿ. ನಾವಿಂದು ಕೋಸಂಬರಿಗೆ ಕೊಚ್ಚಿ ಹಾಕುವ ಹಸಿಮೆಣಸಿನಕಾಯಿ ಮತ್ತು ಟೊಮೇಟೊ ಎರಡೂ ಅಮೆರಿಕಾ ಖಂಡದ ಗಿಡಗಳು. ಪೋರ್ಚುಗೀಸರು 1498ರಲ್ಲಿ ಈ ಕರಾವಳಿಗೆ ಬಂದ ನಂತರವೇ ಅವು ನಮ್ಮ ಕಡೆಗೆ ತಲುಪಿದವು. ಅದಕ್ಕೂ ಮೊದಲು ಖಾರಕ್ಕೆ ಇದ್ದದ್ದು ನಮ್ಮ ಕಾಫಿ ತೋಟಗಳ ಮರಗಳಿಗೆ ಹಬ್ಬಿ ನಿಂತಿರುವ ಈ ಕರಿಮೆಣಸೇ.

ಇರಲಿ. ಹಸಿಯಾಗಿ ಏಕೆ ತಿನ್ನಬೇಕು? ಬೇಯಿಸಿ ತಿಂದರೆ ಆಗದೆ?

ಬೇಯಿಸಿದ ಆಹಾರ ಕೆಟ್ಟದ್ದೆಂದು ಯಾರೂ ಹೇಳುವುದಿಲ್ಲ. ಬೇಯಿಸಿದಾಗ ರೋಗಾಣುಗಳು ಸಾಯುತ್ತವೆ, ಪಿಷ್ಟ ಸುಲಭವಾಗಿ ಜೀರ್ಣವಾಗುತ್ತದೆ. ಕ್ಯಾರೆಟ್ಟಿನ ಬಣ್ಣದಲ್ಲಿರುವ ಕ್ಯಾರೊಟಿನ್ ಎಂಬ ಅಂಶವಂತೂ ಹಸಿಯದಕ್ಕಿಂತ ಬೆಂದದ್ದರಿಂದಲೇ ದೇಹಕ್ಕೆ ಹೆಚ್ಚಾಗಿ ಸಿಕ್ಕುತ್ತದೆ. ಆದರೆ ಸಿ ಜೀವಸತ್ವದ ಕತೆ ಬೇರೆ. ಅದು ಬಿಸಿಗೆ ನಾಶವಾಗುತ್ತದೆ, ನೀರಿನಲ್ಲಿ ಕರಗಿ ಹೋಗುತ್ತದೆ, ತರಕಾರಿ ಹೆಚ್ಚಿಟ್ಟರೆ ಗಾಳಿಗೂ ಕ್ಷಯಿಸುತ್ತದೆ. ನಮ್ಮ ಶರೀರ ಅದನ್ನು ತಾನಾಗಿ ತಯಾರಿಸಲಾರದು, ಬಹಳ ದಿನ ಕೂಡಿಡಲೂ ಆರದು. ದಿನದಿನವೂ ಹೊರಗಿನಿಂದಲೇ ಬರಬೇಕು. ಇದು ಬಾರದಿದ್ದರೆ ಒಸಡುಗಳಲ್ಲಿ ರಕ್ತ ಒಸರುತ್ತದೆ, ಗಾಯ ಮಾಯುವುದಿಲ್ಲ. ಹೆಚ್ಚಾದರೆ ಸ್ಕರ್ವಿ ಎಂಬ ರೋಗ ಬರುತ್ತದೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯನು ಈ ರೋಗಕ್ಕೆ ತುತ್ತಾದ ಹನ್ನೆರಡು ಜನ ನಾವಿಕರನ್ನು ಇಬ್ಬಿಬ್ಬರಂತೆ ವಿಂಗಡಿಸಿ ಬೇರೆ ಬೇರೆ ಪದಾರ್ಥ ಕೊಟ್ಟು ನೋಡಿದನು. ಕಿತ್ತಳೆ ನಿಂಬೆ ತಿಂದ ಇಬ್ಬರು ಬೇಗ ಚೇತರಿಸಿಕೊಂಡರು.

ಇದಕ್ಕೂ ನಮ್ಮ ಹೆಸರುಕಾಳಿಗೂ ನಂಟಿದೆ. ಮೊದಲನೆಯ ಮಹಾಯುದ್ಧದಲ್ಲಿ, ಇಂದಿನ ಇರಾಕಿನ ಕುಟ್ ಎಂಬ ಊರಿನಲ್ಲಿ, 1915ರ ಡಿಸೆಂಬರಿನಿಂದ 1916ರ ಏಪ್ರಿಲ್ ಕೊನೆಯವರೆಗೆ ಬ್ರಿಟಿಷ್ ಸೇನೆ ಶತ್ರುಗಳ ಮುತ್ತಿಗೆಯಲ್ಲಿ ಸಿಕ್ಕಿಬಿದ್ದಿತ್ತು. ಆ ಸೇನೆಯಲ್ಲಿದ್ದ ಅನೇಕ ಭಾರತೀಯ ಸಿಪಾಯಿಗಳು ಸ್ಕರ್ವಿಯಿಂದ ನರಳಿದರು. ಹಣ್ಣು ತರಕಾರಿ ಒಳಗೆ ಹೋಗಲು ದಾರಿಯೇ ಇರಲಿಲ್ಲ. ಆ ಯುದ್ಧಕಾಲದಲ್ಲೇ ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಹ್ಯಾರಿಯೆಟ್ ಚಿಕ್ ಎಂಬ ಮಹಿಳಾ ವಿಜ್ಞಾನಿಯೂ ಅವರ ಸಂಗಡಿಗರೂ ಒಂದು ಸಂಗತಿಯನ್ನು ತೋರಿಸಿಕೊಟ್ಟರು. ಒಣಗಿದ ಕಾಳಿನಲ್ಲಿ ಸ್ಕರ್ವಿಯನ್ನು ತಡೆಯುವ ಗುಣವಿಲ್ಲ, ಆದರೆ ಅದೇ ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ ಆ ಗುಣ ಹುಟ್ಟಿಕೊಳ್ಳುತ್ತದೆ! ಚೀಲದಲ್ಲಿ ಹೊತ್ತೊಯ್ಯಬಹುದಾದ ಒಣಕಾಳು, ಒಂದು ಹಿಡಿ ನೀರು, ಎರಡು ದಿನ. ತಾಜಾ ತರಕಾರಿ ಸಿಗದ ಕಡೆಯಲ್ಲಿ ಇದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ. ಪುನರ್ವಸುವಿನ ಮಳೆ ಸುರಿಯುವಾಗ, ಗದ್ದೆಯೂ ಕೈತೋಟವೂ ನೀರಿನಲ್ಲಿ ಮುಳುಗಿರುವಾಗ, ನಮ್ಮ ಅಮ್ಮಂದಿರು ಡಬ್ಬಿಯಿಂದ ಹೆಸರುಕಾಳು ತೆಗೆದು ನೆನೆಹಾಕುವುದೂ ಇದೇ ಉಪಾಯ.

ನಮ್ಮ ನೆರೆಯ ನೀಲಗಿರಿಯಲ್ಲೂ ಇಂಥದೊಂದು ದೊಡ್ಡ ಕೆಲಸ ನಡೆಯಿತು. ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲಿ 1918ರಲ್ಲಿ ರಾಬರ್ಟ್ ಮ್ಯಾಕ್‌ಕ್ಯಾರಿಸನ್ ಎಂಬ ವೈದ್ಯರು ಪೋಷಣೆಯ ಬಗ್ಗೆ ಸಂಶೋಧನೆ ಆರಂಭಿಸಿದರು. ಭಾರತದ ಬೇರೆ ಬೇರೆ ಪ್ರಾಂತ್ಯಗಳ ಜನ ತಿನ್ನುವ ಊಟವನ್ನು ಅವರು ಇಲಿಗಳಿಗೆ ತಿನ್ನಿಸಿ ನೋಡಿದರು. ಗೋಧಿರೊಟ್ಟಿ, ಹಾಲು, ಬೆಣ್ಣೆ, ಮೊಳಕೆ ಬಂದ ಕಡಲೆ, ಹಸಿ ಕ್ಯಾರೆಟ್, ಹಸಿ ಎಲೆಕೋಸು ಇವುಗಳಿದ್ದ ಉತ್ತರದವರ ಊಟ ತಿಂದ ಇಲಿಗಳು ದಷ್ಟಪುಷ್ಟವಾಗಿ ಬೆಳೆದವು. ಪಾಲಿಶ್ ಅಕ್ಕಿಯೇ ಬಹುಪಾಲಾಗಿದ್ದ ದಕ್ಷಿಣದ ಊಟ ತಿಂದವು ಸೊರಗಿದವು, ಬಗೆಬಗೆಯ ಕಾಯಿಲೆಗೆ ಬಿದ್ದವು. ಆ ಸಂಶೋಧನಾಲಯವೇ 1958ರಲ್ಲಿ ಹೈದರಾಬಾದಿಗೆ ಹೋಗಿ ಇಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯೆಂದು ಪ್ರಸಿದ್ಧವಾಗಿದೆ. ಅನ್ನವನ್ನು ದೂರುವುದು ನನ್ನ ಉದ್ದೇಶವಲ್ಲ. ಅನ್ನದ ಸುತ್ತ ಏನಿದೆ ಎಂಬುದೇ ಪ್ರಶ್ನೆ. ತಟ್ಟೆ ತುಂಬ ಅನ್ನ, ಮೇಲೆ ಒಂದು ಸೌಟು ಸಾರು, ಒಂದು ಹಪ್ಪಳ ಎಂದಾದರೆ ನಾವೂ ಆ ಇಲಿಗಳ ಸಾಲಿನಲ್ಲೇ ಕುಳಿತಂತೆ.

ಈಗ ಹೆಣ್ಣುಮಕ್ಕಳ ವಿಷಯಕ್ಕೆ ಬರುತ್ತೇನೆ. ತಂದೆತಾಯಿಯರು ಇದನ್ನು ಗಮನವಿಟ್ಟು ಓದಬೇಕು.

ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಹುಡುಗಿಯರು ತಲೆತಿರುಗಿ ಬೀಳುವುದನ್ನು ನಾನು ಅನೇಕ ಸಲ ನೋಡಿದ್ದೇನೆ. ಒಮ್ಮೆ ಹಾಗೆ ಬಿದ್ದ ಹತ್ತನೆಯ ತರಗತಿಯ ಹುಡುಗಿಯನ್ನು ನಾನೇ ಮನೆಗೆ ಕರೆದೊಯ್ದೆ. ‘ಏನು ತಿನ್ನುತ್ತಾಳೆ?’ ಎಂದು ಕೇಳಿದರೆ, ‘ನಾವು ತಿನ್ನುವುದೇ ಟೀಚರ್. ಗಂಡಸರದ್ದೂ ಚಿಕ್ಕವರದ್ದೂ ಆದಮೇಲೆ ನಾನೂ ಅವಳೂ ಕುಳಿತುಕೊಳ್ಳುತ್ತೇವೆ’ ಎಂದರು ತಾಯಿ. ಅಷ್ಟು ಹೊತ್ತಿಗೆ ಪಲ್ಯದ ಪಾತ್ರೆಯಲ್ಲಿ ಉಳಿಯುವುದು ಒಗ್ಗರಣೆಯ ಸಾಸಿವೆ ಮಾತ್ರ. ಅನ್ನವಿದೆ, ಹಸಿವು ಇಂಗುತ್ತದೆ, ಹೊಟ್ಟೆ ತುಂಬಿದೆ ಎಂದೇ ಎಲ್ಲರೂ ತಿಳಿಯುತ್ತಾರೆ. ಪರೀಕ್ಷೆ ಮಾಡಿಸಿದಾಗ ರಕ್ತದಲ್ಲಿ ಕಬ್ಬಿಣದ ಅಂಶ ತೀರ ಕಡಿಮೆಯಾಗಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ಕೇರಳದ ಸ್ಥಿತಿ ದೇಶದ ಸರಾಸರಿಗಿಂತ ಮೇಲು. ಆದರೂ ಪ್ರಾರ್ಥನೆಯ ಸಾಲು ಪ್ರತಿವರ್ಷ ಅದೇ ಕತೆಯನ್ನು ಹೇಳುತ್ತದೆ.

ಒಂದು ಬಟ್ಟಲು ಕೋಸಂಬರಿಯಿಂದ ಇದಕ್ಕೇನಾಗುತ್ತದೆ? ಲೆಕ್ಕ ಹಾಕಿ ನೋಡೋಣ. ನಾಲ್ಕು ಜನರಿಗೆ 100 ಗ್ರಾಂ ಹೆಸರುಬೇಳೆ ನೆನೆಸಿದರೆ ಒಬ್ಬರ ಪಾಲಿಗೆ 25 ಗ್ರಾಂ. ಹೆಸರುಬೇಳೆಯಲ್ಲಿ ನೂರು ಗ್ರಾಮಿಗೆ ಸುಮಾರು 24 ಗ್ರಾಂ ಸಸಾರಜನಕವೂ ಸುಮಾರು 4 ಮಿಲಿಗ್ರಾಂ ಕಬ್ಬಿಣವೂ ಇವೆ. ಆದ್ದರಿಂದ ಒಂದು ಪಾಲಿನಲ್ಲಿ 6 ಗ್ರಾಂ ಸಸಾರಜನಕ, 1 ಮಿಲಿಗ್ರಾಂ ಕಬ್ಬಿಣ. ಸಸಾರಜನಕದ ಮಟ್ಟಿಗೆ ಇದು ಒಂದು ಕೋಳಿಮೊಟ್ಟೆಗೆ ಸಮ, ಚೆನ್ನಾಗಿಯೇ ಇದೆ. ಕಬ್ಬಿಣವೋ, ಹದಿಹರೆಯದ ಹುಡುಗಿಗೆ ದಿನಕ್ಕೆ ಬೇಕಾದದ್ದು ಸುಮಾರು 30 ಮಿಲಿಗ್ರಾಂ. ಮೂವತ್ತರಲ್ಲಿ ಒಂದು! ಇಷ್ಟಕ್ಕೆ ಇಷ್ಟು ದೊಡ್ಡ ಲೇಖನವೇ ಎಂದು ನೀವು ಕೇಳಬಹುದು.

ಇಲ್ಲೇ ವಿಷಯದ ತಿರುಳಿದೆ. ಸೊಪ್ಪು, ಬೇಳೆ, ರಾಗಿ, ಅಕ್ಕಿಗಳಲ್ಲಿರುವ ಕಬ್ಬಿಣವೆಲ್ಲ ನಮ್ಮ ರಕ್ತಕ್ಕೆ ಸೇರುವುದಿಲ್ಲ. ಅದರ ಅತಿ ಚಿಕ್ಕ ಪಾಲನ್ನು ಮಾತ್ರ ಕರುಳು ಹೀರಿಕೊಳ್ಳುತ್ತದೆ; ಉಳಿದದ್ದು ಬಂದ ದಾರಿಯಲ್ಲೇ ಹೊರಟುಹೋಗುತ್ತದೆ. ಕಾಳುಗಳಲ್ಲಿರುವ ಫೈಟೇಟ್ ಎಂಬ ವಸ್ತು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಬಿಡುವುದಿಲ್ಲ. ನೆನೆಸಿದಾಗ ಮತ್ತು ಮೊಳಕೆ ಬಂದಾಗ ಈ ಫೈಟೇಟ್ ಕಡಿಮೆಯಾಗುತ್ತದೆ. ಸಿ ಜೀವಸತ್ವವು ಅದೇ ಹೊತ್ತಿನಲ್ಲಿ ಹೊಟ್ಟೆಯಲ್ಲಿದ್ದರೆ ಕಬ್ಬಿಣವನ್ನು ಕರುಳು ಹೀರಬಲ್ಲ ರೂಪಕ್ಕೆ ತರುತ್ತದೆ. ಅಂದರೆ ಕೋಸಂಬರಿಯ ಉಪಕಾರ ಅದರ ಬಟ್ಟಲಿಗೆ ಮುಗಿಯುವುದಿಲ್ಲ. ಅದೇ ಊಟದ ಸಾರಿನಲ್ಲಿ, ಹರಿವೆಯ ಪಲ್ಯದಲ್ಲಿ, ರಾಗಿಮುದ್ದೆಯಲ್ಲಿ ಇರುವ ಕಬ್ಬಿಣಕ್ಕೂ ಅದು ಬಾಗಿಲು ತೆರೆಯುತ್ತದೆ. ಆದ್ದರಿಂದಲೇ ಇದನ್ನು ಸಂಜೆಯ ತಿಂಡಿಯಾಗಿ ಬೇರೆ ತಿನ್ನುವುದಕ್ಕಿಂತ ಊಟದ ಜೊತೆಗೆ ತಿನ್ನುವುದು ಮೇಲು.

ನಿಂಬೆರಸ ಇದೆಯಲ್ಲ, ಸಾಲದೆ ಎಂದರೆ, ಸಾಲದು. ಒಂದು ನಿಂಬೆಯ ರಸವನ್ನು ನಾಲ್ಕು ಜನ ಹಂಚಿಕೊಂಡರೆ ಒಬ್ಬರಿಗೆ ಬರುವ ಸಿ ಜೀವಸತ್ವ ಕೆಲವೇ ಮಿಲಿಗ್ರಾಂ. ರುಚಿಗೆ ಅದು ಬೇಕು, ಕೆಲಸಕ್ಕೆ ಇನ್ನೊಂದು ಜೊತೆಗಾರ ಬೇಕು. ನಮ್ಮ ಕಾಡಂಚಿನ ಬೆಟ್ಟದ ನೆಲ್ಲಿಕಾಯಿಗೆ ಈ ವಿಷಯದಲ್ಲಿ ಸಾಟಿಯಿಲ್ಲ. ಅದರಲ್ಲಿ ನೂರು ಗ್ರಾಮಿಗೆ ನೂರಾರು ಮಿಲಿಗ್ರಾಂ ಸಿ ಜೀವಸತ್ವವಿದೆ. ಎರಡು ನೆಲ್ಲಿಕಾಯಿ ತುರಿದು ಬೆರೆಸಿದರೆ ನಾಲ್ಕು ಜನರ ಕೋಸಂಬರಿಗೆ ಧಾರಾಳವಾಯಿತು. ನೆಲ್ಲಿಯ ಕಾಲ ಮುಗಿದರೆ ಎಳೆಯ ಮಾವಿನಕಾಯಿ ಇದೆ, ಸಣ್ಣಗೆ ಹೆಚ್ಚಿದ ಹಸಿ ಎಲೆಕೋಸು ಇದೆ. ಯಾವುದೂ ಇಲ್ಲದ ದಿನ ಕೋಸಂಬರಿಯ ಜೊತೆ ಅರ್ಧ ಪೇರಳೆ, ಅಂದರೆ ಸೀಬೆಹಣ್ಣು, ತಿಂದರಾಯಿತು. ಪೇರಳೆಯಲ್ಲಿ ಕಿತ್ತಳೆಯ ನಾಲ್ಕು ಪಟ್ಟಿನಷ್ಟು ಸಿ ಜೀವಸತ್ವ ಉಂಟು. ಹಿತ್ತಲಿನ ಮರದಡಿಯಲ್ಲಿ ಪೇರಳೆ ಕೊಳೆಯಲು ಬಿಟ್ಟು, ಅಂಗಡಿಯ ಬಣ್ಣದ ಜ್ಯೂಸಿನ ಬಾಟಲಿ ಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಬಾಗಿಲು ತೆರೆಯುವ ವಸ್ತುವಿರುವಂತೆ ಮುಚ್ಚುವ ವಸ್ತುವೂ ಇದೆ. ಊಟದ ಬೆನ್ನಿಗೇ ಒಂದು ಲೋಟ ಕಟ್ಟನ್ ಚಾಯ ಕುಡಿಯುವುದು ನಮ್ಮೂರಿನ ರೂಢಿ. ಚಹಾ ಮತ್ತು ಕಾಫಿಯಲ್ಲಿರುವ ಒಗರು ಪದಾರ್ಥಗಳು ಕಬ್ಬಿಣವನ್ನು ಕಟ್ಟಿಹಾಕುತ್ತವೆ. ಚಹಾ ಬೆಳೆಯುವ, ಕಾಫಿ ಬೆಳೆಯುವ ನಾಡಿನಲ್ಲಿದ್ದುಕೊಂಡು ಅವನ್ನು ಬಿಡಿರೆಂದು ಹೇಳುವ ಧೈರ್ಯ ನನಗಿಲ್ಲ. ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯ ಅಂತರವಿರಲಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಒಂದು ಎಚ್ಚರಿಕೆ. ರಕ್ತಹೀನತೆ ಬಲವಾಗಿದ್ದರೆ ಕೋಸಂಬರಿ ಔಷಧವಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆಯನ್ನು ಕಿಟಕಿಯಿಂದಾಚೆ ಎಸೆಯದೆ ನುಂಗಬೇಕು. ಕೊಕ್ಕೆಹುಳುವಿದ್ದರೆ ಅದರ ಚಿಕಿತ್ಸೆಯೂ ಆಗಬೇಕು. ವಯನಾಡಿನ ಕೆಲವು ಸಮುದಾಯಗಳಲ್ಲಿ ಸಿಕಲ್ ಸೆಲ್ ಎಂಬ ವಂಶಪಾರಂಪರ್ಯವಾದ ರಕ್ತರೋಗವೂ ಇದೆ. ಅದರಿಂದ ಬರುವ ರಕ್ತಹೀನತೆಗೆ ಕಬ್ಬಿಣದ ಕೊರತೆ ಕಾರಣವಲ್ಲ. ಆದ್ದರಿಂದ ಬಿಳಿಚಿಕೊಂಡ ಮಗುವಿಗೆ ನಾವೇ ವೈದ್ಯರಾಗದೆ ರಕ್ತಪರೀಕ್ಷೆ ಮಾಡಿಸಿ ಡಾಕ್ಟರು ಹೇಳಿದಂತೆ ನಡೆಯಬೇಕು.

ಇನ್ನು ಮಾಡುವ ಕ್ರಮ. ನೂರು ಗ್ರಾಂ ಹೆಸರುಬೇಳೆಯನ್ನು ಎರಡು ಮೂರು ಸಲ ತೊಳೆದು, ಕುಡಿಯುವ ನೀರಿನಲ್ಲಿ ಒಂದು ಗಂಟೆ ನೆನೆಸಿ. ಉಗುರಿನಿಂದ ಒತ್ತಿದರೆ ಬೇಳೆ ಮುರಿಯಬೇಕು, ಹಿಟ್ಟಾಗಬಾರದು. ನೀರನ್ನು ಪೂರ್ತಿ ಬಸಿಯಿರಿ. ನೀರು ಉಳಿದರೆ ಕೋಸಂಬರಿ ಸಾರಾಗುತ್ತದೆ. ಒಂದು ಎಳೆಯ ಮುಳ್ಳುಸೌತೆಯನ್ನು ತುದಿ ತೆಗೆದು ಕಹಿ ನೋಡಿ, ಸಿಪ್ಪೆಸಹಿತ ಸಣ್ಣಗೆ ಹೆಚ್ಚಿ. ತೀರ ಕಹಿಯಾಗಿದ್ದರೆ ಹಾಕಲೇಬೇಡಿ. ಸೌತೆಯಲ್ಲಿ ನೂರಕ್ಕೆ 95 ಪಾಲು ನೀರು. ಅದರಿಂದ ಶಕ್ತಿಯೇನೂ ಬರುವುದಿಲ್ಲ, ಆದರೆ ಒಣಬೇಳೆ ಗಂಟಲಿಗಿಳಿಯುವಂತೆ ಮಾಡುವುದು ಅದೇ. ಒಂದು ಕ್ಯಾರೆಟ್ ತುರಿಯಿರಿ. ಕ್ಯಾರೊಟಿನ್ ಜಿಡ್ಡಿನಲ್ಲಿ ಕರಗುವಂಥದು. ಶರೀರ ಅದರಿಂದ ಕಣ್ಣಿಗೆ ಬೇಕಾದ ಎ ಜೀವಸತ್ವವನ್ನು ಮಾಡಿಕೊಳ್ಳುತ್ತದೆ. ಅದಕ್ಕಾಗಿಯೇ ಮೂರು ಚಮಚ ತೆಂಗಿನತುರಿ, ಒಂದು ಚಮಚ ಎಣ್ಣೆಯ ಒಗ್ಗರಣೆ. ಹಿರಿಯರಿಗೆ ಕ್ಯಾರೊಟಿನ್ ಎಂಬ ಹೆಸರು ಗೊತ್ತಿರಲಿಲ್ಲ, ಆದರೂ ಕೈ ಸರಿಯಾಗಿತ್ತು. ಎಣ್ಣೆಯನ್ನು ಪೂರ್ತಿ ಬಿಟ್ಟು ‘ಡಯಟ್’ ಮಾಡುವವರು ಕ್ಯಾರೆಟ್ಟನ್ನು ಬರಿದೇ ಅಗಿದಂತಾಗುತ್ತದೆ. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆಯನ್ನು ಹಾಕಿ ಆರಿದ ಮೇಲೆಯೇ ನೆಲ್ಲಿಕಾಯಿ ತುರಿ, ನಿಂಬೆರಸ, ಕೊತ್ತಂಬರಿಸೊಪ್ಪು ಸೇರಿಸಿ. ಹಸಿಮೆಣಸಿನ ಬದಲು ಕುಟ್ಟಿದ ಕರಿಮೆಣಸು ಹಾಕಿ ಒಮ್ಮೆ ನೋಡಿ, ಮಕ್ಕಳು ಇಷ್ಟಪಟ್ಟು ತಿನ್ನುತ್ತಾರೆ. ಉಪ್ಪು ಬಡಿಸುವ ಗಳಿಗೆಯಲ್ಲಿ. ಮೊದಲೇ ಹಾಕಿದರೆ ಸೌತೆ ನೀರು ಬಿಡುತ್ತದೆ. ರಕ್ತದೊತ್ತಡವಿರುವ ಅಜ್ಜ ಅಜ್ಜಿಯರ ಪಾಲನ್ನು ಉಪ್ಪಿಗೆ ಮೊದಲೇ ತೆಗೆದಿಡಬಹುದು. ಹುಳಿಯೂ ಮೆಣಸೂ ಇದ್ದರೆ ಉಪ್ಪಿನ ಕೊರತೆ ಅಷ್ಟಾಗಿ ಕಾಣುವುದಿಲ್ಲ.

ಮೊಳಕೆಕಾಳಿನ ಕೋಸಂಬರಿಗೆ ಹೆಸರುಕಾಳನ್ನು ಒಂದು ರಾತ್ರಿ ನೆನೆಸಿ, ತೆಳುಬಟ್ಟೆಯಲ್ಲಿ ಕಟ್ಟಿ, ದಿನಕ್ಕೆರಡು ಸಲ ಶುದ್ಧನೀರು ಚಿಮುಕಿಸಬೇಕು. ವಯನಾಡಿನ ಚಳಿಯಲ್ಲಿ ಮೊಳಕೆ ನಿಧಾನ, ಎರಡು ದಿನವಾದರೂ ಹಿಡಿಯುತ್ತದೆ. ಮೊಳಕೆ ಬರಿಸುವ ಬೆಚ್ಚನೆಯ ತೇವ ರೋಗಾಣುಗಳಿಗೂ ಪ್ರಿಯವಾದದ್ದೇ. ಲೋಳೆಯಾದರೆ, ವಾಸನೆ ಬಂದರೆ ಎಸೆಯಿರಿ. ಬಸುರಿಯರಿಗೆ, ಎಳೆಮಕ್ಕಳಿಗೆ, ಮುದುಕರಿಗೆ ಕೊಡುವಾಗ ಚೆನ್ನಾಗಿ ಬೇಯಿಸಿಯೇ ಕೊಡುವುದು ಕ್ಷೇಮ. ಬಾಳೆದಿಂಡಿನ ಕೋಸಂಬರಿ ನಮ್ಮೂರಿಗೆ ಹೇಳಿ ಮಾಡಿಸಿದ್ದು. ಗೊನೆ ಕಡಿದ ಮೇಲೆ ಬುಡದಲ್ಲಿ ದಿಂಡು ಸುಮ್ಮನೆ ಕೊಳೆಯುತ್ತದಷ್ಟೆ. ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತ, ಪ್ರತಿ ಬಿಲ್ಲೆಯ ನಾರನ್ನು ಬೆರಳಿಗೆ ಸುತ್ತಿ ತೆಗೆದು, ಕೂಡಲೇ ಮಜ್ಜಿಗೆಗೆ ಹಾಕಿದರೆ ಕಪ್ಪಾಗುವುದಿಲ್ಲ. ಅದರಲ್ಲಿ ಉಳಿಯುವ ಸಣ್ಣ ನಾರು ಮಲಬದ್ಧತೆಗೆ ಒಳ್ಳೆಯದು.

ಹಸಿ ತಿನ್ನುವವನು ನೀರನ್ನು ನಂಬಿ ತಿನ್ನುತ್ತಾನೆ. ನಮ್ಮ ಊರಿನ ಹೆಸರಿನಲ್ಲಿರುವ ಎರಡು ಮಾತುಗಳೂ ನೀರಿನವೇ: ಕೇಣಿ ಎಂದರೆ ಪುಟ್ಟ ಬಾವಿ, ಚಿರ ಎಂದರೆ ಕೆರೆ. ಟೊಳ್ಳು ಮಾಡಿದ ಮರದ ಬೊಡ್ಡೆಯನ್ನು ನೆಲಕ್ಕಿಳಿಸಿ ವಯನಾಡಿನ ಕುರುಮರು ಕಟ್ಟುವ ಕೇಣಿಗಳಲ್ಲಿ ತಿಳಿನೀರು ಉಕ್ಕುವುದನ್ನು ನೀವು ಕಂಡಿರಬಹುದು. ಅವುಗಳ ಹತ್ತಿರ ಯಾರೂ ಹೊಲಸು ಮಾಡುವುದಿಲ್ಲ. ನಮ್ಮ ಮನೆಯ ಬಾವಿಗಳು ಹಾಗಿವೆಯೇ? ಕಕ್ಕಸಿನ ಗುಂಡಿಯ ಪಕ್ಕದಲ್ಲೇ ಬಾವಿ ಇದ್ದರೆ, ಆ ನೀರಿನಲ್ಲಿ ತೊಳೆದ ಸೌತೆಯಿಂದ ಟೈಫಾಯ್ಡ್, ಕಾಮಾಲೆ, ಹುಳುಗಳು ಬರುವುದು ಕಷ್ಟವೇನಲ್ಲ. ಕುದಿಸಿ ಆರಿಸಿದ ನೀರಿನಲ್ಲಿ ಬೇಳೆ ನೆನೆಸಿ, ಕೊನೆಯ ತೊಳೆತಕ್ಕೂ ಅದೇ ನೀರು ಬಳಸಿ. ಮೀನು ಮಾಂಸ ಕೊಯ್ದ ಹಲಗೆ ಚಾಕುಗಳು ಹಸಿ ತರಕಾರಿಗೆ ಬೇಡ. ಹೆಚ್ಚುವ ಮೊದಲೇ ತೊಳೆಯಬೇಕು; ಹೆಚ್ಚಿದ ಮೇಲೆ ತೊಳೆದರೆ ಸಿ ಜೀವಸತ್ವವೂ ಚರಂಡಿಗೆ ಹೋಗುತ್ತದೆ.

ರೋಗಾಣುವಿನಂತೆಯೇ ಕೀಟನಾಶಕದ ಭಯವೂ ಇದೆ. ನಮ್ಮ ಪೇಟೆಯ ಅಂಗಡಿಗಳಿಗೆ ಗುಂಡ್ಲುಪೇಟೆಯ ಕಡೆಯಿಂದ ತರಕಾರಿ ಬರುತ್ತದೆ. ಬಂಡೀಪುರದ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಗಳಿಗೆ ತಡೆ ಇರುವುದರಿಂದ ಹಗಲಿನಲ್ಲಿ ಗಾಡಿ ದಾಟಬೇಕು, ಅಂಗಡಿ ಮುಟ್ಟುವಷ್ಟರಲ್ಲಿ ಎಲೆ ಬಾಡಿರುತ್ತದೆ. ಅದನ್ನು ಬೆಳೆದವರು ನಮ್ಮ ಕನ್ನಡದ ರೈತರೇ. ಮಾರುಕಟ್ಟೆ ಕಲೆಯಿಲ್ಲದ ಕಾಯಿಯನ್ನೇ ಕೇಳುವಾಗ ಔಷಧ ಹೊಡೆಯದೆ ಅವರಾದರೂ ಏನು ಮಾಡಿಯಾರು? ನಮ್ಮಲ್ಲಿ ಶುಂಠಿಗೆ, ಬಾಳೆಗೆ ನಾವು ಹೊಡೆಯುವುದೇನು ಕಡಿಮೆಯೆ? ಹುಣಸೆನೀರಿನಲ್ಲೋ ವಿನೆಗರ್ ಬೆರೆಸಿದ ನೀರಿನಲ್ಲೋ ಸ್ವಲ್ಪ ಹೊತ್ತು ನೆನೆಸಿ, ಆಮೇಲೆ ಹರಿಯುವ ನೀರಿನಲ್ಲಿ ಉಜ್ಜಿ ತೊಳೆದರೆ ಮೇಲಿನ ಅಂಶ ಬಹಳಷ್ಟು ಹೋಗುತ್ತದೆ. ಗಿಡದೊಳಗೇ ಸೇರಿಕೊಂಡದ್ದು ಹೋಗದು. ಎರಡು ಮುಳ್ಳುಸೌತೆ ಬಳ್ಳಿ, ಒಂದು ಕರಿಬೇವು, ಒಂದು ನಿಂಬೆ, ಕುಂಡದಲ್ಲಿ ಕೊತ್ತಂಬರಿ ಇಷ್ಟು ಮನೆಯಲ್ಲೇ ಇದ್ದರೆ ಕೋಸಂಬರಿಗೆ ಪೇಟೆಯಿಂದ ಬರಬೇಕಾದದ್ದು ಬೇಳೆ ಮಾತ್ರ.

ಹಸಿಯಾಗಿ ತಿನ್ನುವ ಸೊಪ್ಪಿನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಒಂದೆಲಗ. ಮುಷ್ಟಿಯಷ್ಟು ಎಲೆಯನ್ನು ತೆಂಗಿನತುರಿ, ಜೀರಿಗೆ, ನಾಲ್ಕು ಕಾಳುಮೆಣಸಿನೊಡನೆ ಅರೆದು ಮಜ್ಜಿಗೆಗೆ ಬೆರೆಸಿದರೆ ತಂಬುಳಿಯಾಯಿತು. ಇದನ್ನು ತಿಂದರೆ ಪಾಠ ತಾನೇ ನೆನಪಿರುತ್ತದೆಂದು ನಂಬಿ ಓದದೆ ಕುಳಿತವರನ್ನೂ ನಾನು ಕಂಡಿದ್ದೇನೆ. ಗದ್ದೆಯ ಬದುವಿನಲ್ಲಿ ಯಾರೂ ಬಿತ್ತದೆ ಬೆಳೆಯುವ ಇಂಥ ಸೊಪ್ಪುಗಳನ್ನು ಗುರುತಿಸುವುದರಲ್ಲಿ ವಯನಾಡಿನ ಪಣಿಯ, ಕಾಟ್ಟುನಾಯ್ಕ, ಕುರುಮ ಸಮುದಾಯಗಳ ಹೆಂಗಸರಿಗೆ ಇರುವ ಜ್ಞಾನ ಯಾವ ಪುಸ್ತಕದಲ್ಲೂ ಪೂರ್ತಿ ಸಿಗದು. ಕಾಟ್ಟುನಾಯ್ಕರ ನುಡಿ ಕನ್ನಡಕ್ಕೆ ಬಹಳ ಹತ್ತಿರದ್ದು. ಅವರು ಸೊಪ್ಪುಗಳಿಗೆ ಹೇಳುವ ಹೆಸರುಗಳನ್ನು ನಮ್ಮ ಮಕ್ಕಳು ಕೇಳಿ ಬರೆದಿಟ್ಟುಕೊಂಡರೆ ಅದೇ ಒಂದು ಒಳ್ಳೆಯ ಪ್ರಾಜೆಕ್ಟ್. ಆದರೆ ಗದ್ದೆಗಳು ಬಾಳೆಯ ಮತ್ತು ಶುಂಠಿಯ ತೋಟಗಳಾಗುತ್ತಿವೆ, ಬದುಗಳಿಗೆ ಕಳೆನಾಶಕ ಬೀಳುತ್ತಿದೆ. ಕಳೆನಾಶಕ ಹೊಡೆದ ಬದುವಿನ ಒಂದೆಲಗವನ್ನು ಯಾವ ಕಾರಣಕ್ಕೂ ಕೀಳಬಾರದು. ನಾಲ್ಕು ಬೇರನ್ನು ತಂದು ಬಚ್ಚಲಿನ ಬಳಿ ಅಲ್ಲ, ಬಾವಿಕಟ್ಟೆಯ ಹತ್ತಿರ ಶುದ್ಧವಾದ ಜಾಗದಲ್ಲಿ ನೆಟ್ಟರೆ ವರ್ಷವಿಡೀ ಸಿಗುತ್ತದೆ.

ಹಸಿ ಒಳ್ಳೆಯದೆಂದು ಎಲ್ಲವನ್ನೂ ಹಸಿಯಾಗಿ ತಿನ್ನಲು ಹೊರಡಬೇಡಿ. ಕೆಸುವಿನ ಎಲೆಯಲ್ಲಿ ಸೂಜಿಯಂಥ ಹರಳುಗಳಿವೆ, ಗಂಟಲು ಕೆರೆದು ಊದಿಕೊಳ್ಳುತ್ತದೆ. ಮರಗೆಣಸಿನ ಗೆಡ್ಡೆಯಲ್ಲೂ ಎಲೆಯಲ್ಲೂ ವಿಷಾಂಶವಿದೆ. ಬೇಯಿಸಿ ನೀರು ಚೆಲ್ಲಿಯೇ ತಿನ್ನಬೇಕು. ರಾಜ್ಮಾ, ಅವರೆ ಮೊದಲಾದ ದೊಡ್ಡ ಕಾಳುಗಳು ಮೊಳಕೆ ಬಂದರೂ ಹಸಿಯಾಗಿ ಸಲ್ಲವು. ಗುರುತಿಲ್ಲದ ಸೊಪ್ಪಂತೂ ಬೇಡವೇ ಬೇಡ.

ಕೊನೆಯದಾಗಿ ಬಡಿಸುವ ವಿಚಾರ. ದಿನಕ್ಕೆ ಕನಿಷ್ಠ 400 ಗ್ರಾಂ ತರಕಾರಿ ಹಣ್ಣು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಆಲೂಗೆಡ್ಡೆ ಮರಗೆಣಸು ಈ ಲೆಕ್ಕಕ್ಕಿಲ್ಲ. ಕೋಸಂಬರಿ ಒಂದರಿಂದಲೇ ಅಷ್ಟಾಗದು, ಆದರೆ ಒಳ್ಳೆಯ ಪಾಲು ಸಲ್ಲುತ್ತದೆ. ಅದನ್ನು ಮಾಡಿದ ಕೂಡಲೇ, ಯಾರೂ ಊಟಕ್ಕೆ ಕೂರುವ ಮೊದಲೇ, ಮನೆಯಲ್ಲಿ ಎಷ್ಟು ಜನರೋ ಅಷ್ಟು ಬಟ್ಟಲುಗಳಿಗೆ ಹಾಕಿ ಮುಚ್ಚಿಡಿ. ತಡವಾಗಿ ಕೂರುವವರ ಬಟ್ಟಲಿಗೆ ಮಾತ್ರ ಉಪ್ಪು ಹಾಕದಿರಿ. ನಾನು ಹೇಳಿದ ಆ ಹುಡುಗಿಯ ತಾಯಿ ಈಗ ಹೀಗೆಯೇ ಮಾಡುತ್ತಾರೆ. ಬಟ್ಟಲಿನ ತಳದಲ್ಲಿ ಉಳಿಯುವ ಹುಳಿನೀರನ್ನು ಮಕ್ಕಳು ಚೆಲ್ಲಿದರೆ ಬಯ್ಯುತ್ತಾರಂತೆ. ಸಿ ಜೀವಸತ್ವ ಹೆಚ್ಚಾಗಿ ಇಳಿದಿರುವುದು ಅದರಲ್ಲೇ. ಅನ್ನಕ್ಕೆ ಕಲಸಿಕೊಂಡರೂ ಸರಿ, ಮಜ್ಜಿಗೆಗೆ ಬೆರೆಸಿ ಕುಡಿದರೂ ಸರಿ.